ತನ್ನ ಫೋಟೋಗೆ ತಾನೇ ಹಾರ ಹಾಕಿದವನು

ಅವನನ್ನು ಮೊದಲ ಸಲ ಕಂಡ ದಿನ ನಾನು ಅವನಿಗೆ ಸಂತಾಪ ಹೇಳಿದೆ.

ಕಗ್ಗದಾಸಪುರದ ರೈಲ್ವೆ ಗೇಟಿನಿಂದ ಸ್ವಲ್ಪ ಒಳಗೆ ಅವನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ ಎಂದು ಯಾರೋ ಹೇಳಿದ್ದರಿಂದ ಹೋಗಿದ್ದೆ. ನಾನು ಸೇಡಂ ಕಡೆಯವನು. ಬಿ.ಎಸ್ಸಿ. ಮುಗಿಸಿ ಗರುಡಾಚಾರ್‌ಪಾಳ್ಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮಾಲು ತಪಾಸಣೆಯ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಅಂಗಡಿಯೊಳಗೆ ಮಗುಚಿ ಪೇರಿಸಿದ ಕೊಳಗಗಳು, ಸುತ್ತಿಟ್ಟ ಜಮಖಾನಗಳು, ಕಟ್ಟು ಕಟ್ಟಿದ ಕಂಬಗಳು. ಅವುಗಳ ಮೇಲೆ ಗೋಡೆಯಲ್ಲಿ ಒಬ್ಬ ಭಾರೀ ಗಾತ್ರದ ಯುವಕನ ಫೋಟೋ. ಫೋಟೋಗೆ ಗಂಧದ ಹಾರ, ಸುತ್ತ ಮಿಣುಕುವ ಸೀರಿಯಲ್ ಸೆಟ್. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನು ತೆಳ್ಳಗೆ ಉದ್ದಕ್ಕಿದ್ದ, ದೊಗಳೆ ಅಂಗಿ ತೊಟ್ಟಿದ್ದ.

"ಯಾರ್ರೀ ಇವ್ರು?" ಅಂದೆ.

"ನಮ್ಮಣ್ಣ. ತುಂಬಾ ಒಳ್ಳೆಯವನು. ಯಾರ ಮನೆ ಊಟಕ್ಕೂ ಇಲ್ಲ ಅಂದವನಲ್ಲ. ತಿಂದೂ ತಿಂದೂ ಹೋಗ್ಬಿಟ್ಟ."

"ಭಾಳ ಕೆಟ್ಟನಸ್ತದ್ರೀ. ವಯಸ್ಸು ಸಣ್ಣದದ."

"ಇಪ್ಪತ್ನಾಲ್ಕು," ಎಂದು ತೋಳಿನಿಂದ ಕಣ್ಣು ಒರೆಸಿಕೊಂಡ.

ನಾನು ಚಪ್ಪಲಿ ಬಿಟ್ಟು ಫೋಟೋಗೆ ಕೈಮುಗಿದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬ ಹೆಂಗಸು ಸೌಟು ಹಿಡಿದೇ ಬಂದರು. ಅವನ ತಾಯಿ ಜಯಮ್ಮ. "ಲೋ, ರೂಮ್ ಕೇಳೋಕೆ ಬಂದೋರ ಹತ್ರಾನೂ ಶುರು ಹಚ್ಕೊಂಡ್ಯಾ? ನೀನು ನಂಬ್ಬೇಡಪ್ಪ. ಅದು ಇವನದೇ ಫೋಟೋ. ಬದುಕಿರೋನಿಗೆ ಹಾರ ಹಾಕ್ಬಾರ್ದು ಅಂತ ನಾನು ದಿನಾ ತೆಗೀತೀನಿ, ಇವನು ದಿನಾ ಹಾಕ್ತಾನೆ."

"ಸುಳ್ಳೇನಮ್ಮಾ ಹೇಳಿದೆ? ಅವನು ಹೋಗಿಲ್ವಾ?" ಎಂದು ಅವನು ತನ್ನ ಚಪ್ಪಟೆ ಹೊಟ್ಟೆಯ ಮೇಲೆ ತಟ್ಟಿಕೊಂಡು, ಕೊಳಗಗಳು ಅದುರುವ ಹಾಗೆ ನಕ್ಕ. ಆ ನಗು ಕೇಳಿಯೇ ನಾನು ಕೋಣೆ ಒಪ್ಪಿಕೊಂಡೆ.

ಇಲ್ಲಿ ಅವನ ಹೆಸರು ಬರೆಯುವುದಿಲ್ಲ. "ಹೊಟ್ಟೆ ವಿಷಯ ಎಷ್ಟು ಬೇಕಾದ್ರೂ ಬರಿ, ಹೆಸರು ಮಾತ್ರ ಬೇಡ," ಎಂದು ಅವನೇ ಹೇಳಿದ್ದಾನೆ. ಹೋದ ತಿಂಗಳು ಆ ಕಟ್ಟಡ ಕೆಡವಿದರು. ಅಂದಿನಿಂದ ಅವನ ನೆನಪುಗಳು ಬರುತ್ತಿವೆ, ಹೆಚ್ಚಿನವು ನಗು ಬರಿಸುವಂಥವು. ಆದರೆ ಯಾವುದನ್ನು ನೆನೆಯಲು ಕೂತರೂ ಮನಸ್ಸು ಹಲಸೂರಿನ ಒಂದು ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತದೆ. ಆ ಮಧ್ಯಾಹ್ನ ಅವನು ನಮ್ಮೆಲ್ಲರ ಕಣ್ಣೆದುರಿಗೇ ಹೋಗಿಬಿಡುತ್ತಿದ್ದ. ಆಗ ಬಾಯಿ ಮುಚ್ಚಿಕೊಂಡು ನಿಂತವರಲ್ಲಿ ನಾನೂ ಒಬ್ಬ.

ಅವರದು ಆ ಊರಿನ ಹಳೆಯ ಮನೆತನ. ಅಜ್ಜನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂರು ಮಹಡಿ ಎದ್ದು, ಪ್ರತಿ ಕೋಣೆಯಲ್ಲೂ ನಮ್ಮ ಕಡೆಯವರು: ಯಾದಗಿರಿ, ಸುರಪುರ, ಮಾನ್ವಿ. ಬಾಡಿಗೆ ಬರುತ್ತದೆ, ಕೂತು ತಿನ್ನಬಹುದಿತ್ತು. "ಕೂತು ತಿಂದೇ ಹಂಗಾಗಿದ್ದು," ಅನ್ನುತ್ತಿದ್ದ.

ಹಿಂದೆ ಅವನು ನೂರ ಐವತ್ತೆಂಟು ಕಿಲೋ ಇದ್ದನಂತೆ. ಸಾವಿರ ಕುರ್ಚಿ ಬಾಡಿಗೆಗೆ ಕೊಡುವವನಿಗೆ ತನ್ನದೇ ಅಂಗಡಿಯ ಒಂದು ಕುರ್ಚಿಯಲ್ಲಿ ಕೂರುವ ಯೋಗವಿರಲಿಲ್ಲ. ಒಂದರ ಮೇಲೊಂದು ಎರಡು ಇಟ್ಟು ಕೂರಬೇಕು. ಯಾರದೋ ಆರತಕ್ಷತೆಯಲ್ಲಿ ಮರೆತು ಒಂದೇ ಕುರ್ಚಿಯಲ್ಲಿ ಕೂತು, ಅದು ಕಾಲು ಚಾಚಿ, ಫೋಟೋ ತೆಗೆಯುವವನು ಮದುಮಕ್ಕಳನ್ನು ಬಿಟ್ಟು ಇವನ ಕಡೆ ಕ್ಯಾಮೆರಾ ತಿರುಗಿಸಿದ್ದ. ಅದನ್ನು ನಗುತ್ತಲೇ ಹೇಳಿದ. ಇಪ್ಪತ್ತಮೂರಕ್ಕೇ ಶುಗರ್ ಬಂದದ್ದು, ಉಸಿರು ಕಟ್ಟಿ ನಿದ್ದೆಯಿಲ್ಲದೆ ಹಗಲು ತೂಕಡಿಸಿ ಲಗೇಜ್ ಆಟೋವನ್ನು ಮಹದೇವಪುರದ ಕಡೆ ಡಿವೈಡರ್ ಮೇಲೆ ಹತ್ತಿಸಿದ್ದು, ಇವನ್ನು ಹೇಳುವಾಗ ನಗಲಿಲ್ಲ. ಆಮೇಲೆ ಡಾಕ್ಟರುಗಳು ಆಪರೇಷನ್ ಮಾಡಿ ಹೊಟ್ಟೆಯನ್ನು ಒಂದು ಸಣ್ಣ ಬಟ್ಟಲಿನಷ್ಟು ಮಾಡಿ ಕರುಳಿಗೆ ಜೋಡಿಸಿದರು. ಒಂದೂವರೆ ವರ್ಷದಲ್ಲಿ ಅರ್ಧ ಆಳು ಇಳಿದುಹೋದ. ಶುಗರ್ ಹೋಯಿತು. ನಿದ್ದೆ ಬಂತು. ಕಂಬ ಹತ್ತಿ ತಾನೇ ಹಗ್ಗ ಕಟ್ಟತೊಡಗಿದ.

ಆಮೇಲೆ ಎಲ್ಲಿ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ಸಿಂಗಲ್!" ಎಂದು ಕೂಗಿಯೇ ಕೂರುತ್ತಿದ್ದ. ಪರಿಚಯವಿಲ್ಲದ ಮದುವೆ ಮನೆಗಳಲ್ಲೂ.

ತಿನ್ನುವುದನ್ನು ಬಿಟ್ಟವನ ತಿಂಡಿಪೋತತನ ಎಂಥದ್ದೆಂದು ಅವನ ಜೊತೆ ಶಿವಾಜಿನಗರಕ್ಕೆ ಹೋದವರಿಗಷ್ಟೇ ಗೊತ್ತು. ಭಾನುವಾರ ಸಂಜೆ ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಡುತ್ತಿದ್ದ. ನಾಲ್ಕು ಬಗೆ ತರಿಸುವುದು, ಪ್ರತಿಯೊಂದರಿಂದಲೂ ಒಂದು ತುತ್ತು ತಾನು ತೆಗೆದುಕೊಂಡು ಮಿಕ್ಕಿದ್ದೆಲ್ಲ ನನ್ನ ಮುಂದೆ ತಳ್ಳುವುದು. ಅವನ ಒಂದು ತುತ್ತು ಮುಗಿಯುವಷ್ಟರಲ್ಲಿ ನನ್ನ ತಟ್ಟೆ ಖಾಲಿ. "ಅಗಿಯೋದು ನನ್ನ ಪಾರ್ಟ್‌ಟೈಮ್ ಕೆಲಸ," ಅನ್ನುತ್ತಿದ್ದ. ಆಮೇಲೆ ವಿಚಾರಣೆ.

"ಹೇಗಿದೆ?"

"ಛಲೋ ಅದ."

"ಛಲೋ ಅದ ಅಂದ್ರೆ ಆಯ್ತಾ? ನಿನ್ನ ಫ್ಯಾಕ್ಟರಿ ಮಾಲು ನೋಡಿ ಹಿಂಗೇ ಬರೀತೀಯಾ? ವಿವರವಾಗಿ ಹೇಳೋ. ಮೊದ್ಲು ಏನು ಹತ್ತುತ್ತೆ ನಾಲಗೆಗೆ? ಮೆಣಸಾ, ಹೊಗೆನಾ? ಕೊಬ್ಬು ಕರಗ್ತಾ, ಜಗಿದ್ಯಾ?"

ನಾನು ಬಾಯ್ತುಂಬ ಇಟ್ಟುಕೊಂಡೇ ವರದಿ ಒಪ್ಪಿಸಬೇಕಿತ್ತು. ಅವನು ಕಣ್ಣು ಮುಚ್ಚಿ ಕೇಳಿ, ಗುಟುಕು ನುಂಗಿದವನಂತೆ ಗಂಟಲು ಆಡಿಸುತ್ತಿದ್ದ. ಕಬಾಬಿನ ಅಂಗಡಿಯ ಭಾಯ್‌ಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಕ್ಯಾ ಜೀ, ಇತ್ತಾಚ್ ಖಾತೆ? ತಬಿಯತ್ ಠೀಕ್ ನೈ ಕ್ಯಾ?" ಎಂದು, ಇಷ್ಟು ಕಡಿಮೆ ತಿನ್ನುವವನಿಗೆ ಹುಷಾರಿಲ್ಲವೇನೋ ಎಂಬ ಕಾಳಜಿಯಿಂದ ಇನ್ನೆರಡು ತುಂಡು ಹಾಕುತ್ತಿದ್ದ. ಅವೂ ನನಗೇ. ಎರಡು ವರ್ಷದಲ್ಲಿ ನನ್ನ ಪ್ಯಾಂಟುಗಳು ಬಿಗಿಯಾದವು. ನಾನು ಸೊಂಟದ ಗುಂಡಿ ಸಡಿಲಿಸುವುದನ್ನು ನೋಡಿ, "ನಾನು ಕಳ್ಕೊಂಡಿದ್ದು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ ಮಗಾ, ಸಿಕ್ತು," ಎಂದ.

ಬರಿಮೈಯಲ್ಲಿ ಅವನನ್ನು ನಾನು ನೋಡಿದ್ದು ಒಂದೇ ಸಲ, ನಲ್ಲಿಯ ಹತ್ತಿರ. ತೋಳು, ಎದೆ, ಹೊಟ್ಟೆಯ ಚರ್ಮ ಮಡಿಕೆ ಮಡಿಕೆಯಾಗಿ ಜೋತುಬಿದ್ದಿತ್ತು. ನಾನು ಕಣ್ಣು ತಿರುಗಿಸಿದ್ದು ಅವನಿಗೆ ಕಂಡಿತು. "ಕಂಬ ತೆಗೆದ್ಮೇಲೆ ಶಾಮಿಯಾನ ಹೆಂಗಿರುತ್ತೆ ಹೇಳು? ಹಂಗೇ," ಎಂದು ಟವೆಲ್ ಹೊದ್ದ. ಅಂಗಿ ತೆಗೆಯಬೇಕಾದ ದೇವಸ್ಥಾನಗಳಿಗೆ ಅವನು ಹೋಗುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಗೆಳೆಯರ ಪಾರ್ಟಿಗಳಿಗೂ ಹೋಗುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಒಮ್ಮೆ ಅರ್ಧ ಗ್ಲಾಸ್ ಕುಡಿದದ್ದು ಸೀದಾ ತಲೆಗೇರಿ, ಗೋಡೆ ಹಿಡಿದು ಮನೆಗೆ ಬಂದು, ಅಂದೇ ಬಿಟ್ಟಿದ್ದ.

ಬಿಡಬಾರದ್ದನ್ನೂ ಬಿಟ್ಟಿದ್ದ. ಆಪರೇಷನ್ ಆದವರು ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳಿದ್ದವು. ಕಬ್ಬಿಣದ್ದು, ಸುಣ್ಣದ್ದು, ವಿಟಮಿನ್ನುಗಳು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಬೇರೆ. "ಕೆಲಸ ಮುಗೀತಲ್ಲ, ಇನ್ನೂ ಯಾಕೆ ಮೇಸ್ತ್ರಿಗೆ ಕೂಲಿ?" ಎಂದು ಮೂರನೇ ವರ್ಷಕ್ಕೇ ನಿಲ್ಲಿಸಿದ್ದ. ಮೂವತ್ತು ತುಂಬದ, ಕಂಬ ಹತ್ತುವ, ಎರಡು ಕೊಳಗ ಒಟ್ಟಿಗೆ ಎತ್ತುವ ಗಂಡಸಿಗೆ ತಾನು ರೋಗಿ ಎಂದು ಯಾರು ನಂಬಿಸಬೇಕು?

ಒಂದು ದಿನ ಶಾಮಿಯಾನ ಬಿಚ್ಚಿ ಬಂದವನ ಹಿಂದೆ ಅಂಗಡಿಯ ನೆಲದುದ್ದಕ್ಕೂ ಕೆಂಪು ಹೆಜ್ಜೆಗಳು ಮೂಡಿದ್ದವು. ಚಪ್ಪಲಿಯನ್ನೂ ತೂರಿ ಬಂದ ಮೊಳೆ ಅಂಗಾಲಿನಲ್ಲಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಕಾಲು ಜೋಮು ಹಿಡಿದಂತಿದ್ದು ಎಷ್ಟೋ ತಿಂಗಳಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದದ್ದು ನಾನೇ. ಆಪರೇಷನ್ ಮಾಡಿದ ತಂಡದ ಲೇಡಿ ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು.

"ಎಷ್ಟು ವರ್ಷ ಆಯ್ತು ನೀವಿಲ್ಲಿಗೆ ಬಂದು?"

"ಬರ್ಬೇಕು ಅಂತಾನೇ ಇದ್ದೆ ಮೇಡಂ..."

"ಹೆಂಗಸ್ರು ಬರ್ತಾರೆ, ವಯಸ್ಸಾದೋರು ಬರ್ತಾರೆ. ನಿಮ್ಮಂಥ ಹುಡುಗ್ರು ತೂಕ ಇಳಿದ ತಕ್ಷಣ ಮಾಯ. ಬಿ ಟ್ವೆಲ್ವ್ ತಳ ಸೇರಿದೆ, ಅದಕ್ಕೇ ಕಾಲು ಜೋಮು. ಇನ್ನೂ ತಡ ಮಾಡಿದ್ರೆ ನರ ವಾಪಸ್ ಬರೋದೇ ಇಲ್ಲ." ಇಂಜೆಕ್ಷನ್ ಬರೆದುಕೊಟ್ಟರು. ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದರು: "ನೀವು ಜೊತೆಗಿರ್ತೀರಲ್ಲ, ಕೇಳ್ಕೊಳ್ಳಿ. ಸಿಹಿ ಒಟ್ಟಿಗೆ ಜಾಸ್ತಿ ತಿಂದ್ರೆ ಇವರಿಗೆ ಶುಗರ್ ಮೇಲೆ ಹೋಗಿ, ಒಂದೆರಡು ಗಂಟೆ ಆದ್ಮೇಲೆ ಧಡಕ್ಕನೆ ಕೆಳಗೆ ಬೀಳಬಹುದು. ಬೆವರು, ನಡುಕ, ಮಾತು ತೊದಲೋದು. ನೋಡಿದೋರು ಕುಡಿದಿದಾನೆ ಅಂದ್ಕೋತಾರೆ. ಎಚ್ಚರ ಇದ್ರೆ ಗ್ಲುಕೋಸ್ ಕೊಡಿ, ಇಲ್ದಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ."

ಕೇಳಿಸಿಕೊಂಡಿದ್ದೆ. ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದೆ.

ಆ ವರ್ಷವೇ ಹಲಸೂರಿನ ಸಂಬಂಧ ಬಂತು. ಹುಡುಗಿಯ ತಂದೆ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಗಂಭೀರ ಮನುಷ್ಯ. ಹುಡುಗಿ ನರ್ಸರಿ ಶಾಲೆಯಲ್ಲಿ ಟೀಚರ್. ಅವರು ಮನೆ ನೋಡಲು ಬಂದ ದಿನ ಜಯಮ್ಮ ಬೆಳಿಗ್ಗೆಯೇ ನಮ್ಮನ್ನೆಲ್ಲ ಕರೆದು ಕಟ್ಟಪ್ಪಣೆ ಮಾಡಿದರು. "ಆಪರೇಷನ್ ಅನ್ನೋ ಮಾತು ಯಾರ ಬಾಯಲ್ಲೂ ಬರ್ಬಾರ್ದು. ಗಂಡುಹುಡುಗನ ಹೊಟ್ಟೆ ಕೊಯ್ದಿದಾರೆ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ಮದುವೆ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಎಲ್ಲ ಸರಿಯಾಗಿಯೇ ನಡೆಯಿತು. ಹೊರಡುವಾಗ ಬೀಗರಾಗುವವರು ಅಂಗಡಿ ನೋಡೋಣ ಎಂದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಮಿಣುಕುತ್ತಿತ್ತು. ಅದನ್ನು ತೆಗೆಯುವುದು ನಮ್ಮೆಲ್ಲರಿಗೂ ಮರೆತೇಹೋಗಿತ್ತು.

"ಇವರು?" ಎಂದರು ಹುಡುಗಿಯ ತಂದೆ.

ಅವನು ಬಾಯಿ ತೆರೆದ. ಎಂದಿನ ತಮಾಷೆಗೋ ನಿಜ ಹೇಳಲಿಕ್ಕೋ, ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ, ಆ ಹಾರವನ್ನು ದಿನವೂ ಬೈದುಕೊಂಡು ತೆಗೆಯುತ್ತಿದ್ದ ಜಯಮ್ಮನೇ ಸೆರಗಿನಿಂದ ಮೂಗು ಒತ್ತಿಕೊಂಡು, "ನಮ್ಮ ದೊಡ್ಡ ಮಗ," ಎಂದುಬಿಟ್ಟರು.

ತಂದೆ ತಲೆ ಬಾಗಿಸಿದರು. ಹುಡುಗಿಯ ಸೋದರಮಾವ ಚಪ್ಪಲಿ ಬಿಟ್ಟು ಒಂದು ನಿಮಿಷ ಮೌನವಾಗಿ ನಿಂತರು. ಹುಡುಗಿ ಮುಂದೆ ಬಂದು ಫೋಟೋಗೆ ಕೈಮುಗಿದಳು. ನಾನು ಅವನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು. ಸಂಜೆ ಫೋಟೋದ ಹಾರ ಸರಿಮಾಡುವಾಗ, "ನಾನು ಆಡಿದ ನಾಟಕದಲ್ಲಿ ಅಮ್ಮನಿಗೆ ಒಳ್ಳೇ ಪಾರ್ಟ್ ಸಿಕ್ತು ಮಗಾ," ಎಂದ. ಆದರೆ ಅವನ ನಗು ಅರ್ಧಕ್ಕೇ ನಿಂತಿತು.

ನಿಶ್ಚಿತಾರ್ಥ ಹಲಸೂರಿನ ಒಂದು ಸಣ್ಣ ಛತ್ರದಲ್ಲಿ. ಪಾತ್ರೆ, ಜಮಖಾನ, ಕುರ್ಚಿ ಎಲ್ಲ ಇವನದೇ ಅಂಗಡಿಯವು. ಬೆಳಗಿನ ಶಾಸ್ತ್ರ ಮುಗಿದ ಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ಹುಡುಗ ಹುಡುಗಿಯ ಬಾಯಿಗೆ ಸಿಹಿ ಇಟ್ಟರು. ಸಿಹಿ ಇಟ್ಟ ಕೈಯನ್ನು ಬೇಡ ಅನ್ನುವ ಹಾಗಿಲ್ಲ. ಅವನು ಬೇಡ ಅಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳುವ ಹಾಗಿಲ್ಲ. ಲಾಡು, ಮೈಸೂರ್‌ಪಾಕು, ಬಾದಾಮಿ ಬರ್ಫಿ. ಆಮೇಲೆ ಎಲೆಯ ಮುಂದೆ ಕೂತಾಗ ಸೋದರಮಾವ ತಾವೇ ಪಾಯಸದ ಸೌಟು ಹಿಡಿದು ಬಂದರು. "ಏನ್ ಅಳಿಯಂದ್ರೇ, ಹಕ್ಕಿ ತಿಂದಂಗೆ ತಿಂತೀರಲ್ಲ! ನಿಮ್ಮಣ್ಣನ ಹೆಸರು ಉಳಿಸ್ಬೇಡ್ವಾ?" ಎಲೆಯ ಮೇಲೆ ಹೋಳಿಗೆ, ಲೋಟದಲ್ಲಿ ಪಾಯಸ. ಅವನು ನನ್ನ ಕಡೆ ಒಮ್ಮೆ ನೋಡಿ ಲೋಟ ಎತ್ತಿದ. ಎದುರು ಸಾಲಿನಲ್ಲಿದ್ದ ನಾನು ಹುಬ್ಬು ಹಾರಿಸಿ ಅವನದೇ ಪ್ರಶ್ನೆ ಕೇಳಿದೆ: ಹೇಗಿದೆ? ನಗಲಿ ಎಂದು ಕೇಳಿದ್ದು.

ಸುಮಾರು ಒಂದೂವರೆ ಗಂಟೆ ಕಳೆದಿರಬೇಕು. ಫೋಟೋ ತೆಗೆಯುತ್ತಿದ್ದರು. ಅವನ ಹಣೆಯಿಂದ ಬೆವರು ಧಾರೆಯಾಗಿ ಇಳಿಯತೊಡಗಿತು. ಕೈ ನಡುಗಿ ತಾಂಬೂಲದ ತಟ್ಟೆ ಬಿತ್ತು. ಹುಡುಗಿಯ ತಂದೆ ಬಗ್ಗಿ ಎತ್ತಿಕೊಟ್ಟರೆ, ಅವರ ಹೆಗಲ ಮೇಲೆ ಕೈ ಹಾಕಿ, ನಾಲಗೆ ದಪ್ಪವಾದವನಂತೆ, "ಥ್ಯಾಂಕ್ಸ್ ಮಗಾ," ಎಂದ.

ಫೋಟೋ ತೆಗೆಯುತ್ತಿದ್ದವನು ಕ್ಯಾಮೆರಾ ಕೆಳಗಿಳಿಸಿದ. ಅಡುಗೆ ಭಟ್ಟರ ಪೈಕಿ ಒಬ್ಬ ಬಾಗಿಲಲ್ಲಿ ನಿಂತು, "ಎನ್ನಪ್ಪಾ, ಮಾಪ್ಪಿಳ್ಳೈ ತಣ್ಣಿ ಪೋಟ್ಟಿರ್ಕಾರಾ?" ಎಂದು ಕಿಸಕ್ಕೆಂದ. ಗಂಡು ಎಣ್ಣೆ ಹಾಕಿದಾನಾ ಎಂಬುದು ಹಲಸೂರಿನಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಎಲ್ಲರಿಗೂ ಅರ್ಥವಾಗುತ್ತದೆ. ಸೋದರಮಾವನ ಮುಖ ಕಪ್ಪಿಟ್ಟಿತು. "ಒಳಗೆ ಕರ್ಕೊಂಡು ಹೋಗ್ರಿ. ಮಲಗ್ಸಿ. ಉಪ್ಪು ಹಾಕಿ ನಿಂಬೆ ನೀರು ಕುಡಿಸಿ, ಇಳಿಯುತ್ತೆ. ಮಾತು ಆಮೇಲೆ."

ಪಾತ್ರೆ ಇಡುವ ಕೋಣೆಯಲ್ಲಿ ಅವನನ್ನು ಜಮಖಾನದ ಮೇಲೆ ಮಲಗಿಸಿದರು. ಜಯಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. "ಬಾಯಿ ಬಿಡ್ಬೇಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ. ಸುಸ್ತಾಗಿದೆ ಅಷ್ಟೇ, ಎದ್ದೇಳ್ತಾನೆ." ಅವರಿಗೆ ಗೊತ್ತಿದ್ದದ್ದು ಅಷ್ಟೇ. ನನಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಆದರೂ ನಿಂತೆ. ಮದುವೆ ಮುರಿದರೆ ನನ್ನಿಂದ ಮುರಿಯಿತು ಎನ್ನುತ್ತಾರಲ್ಲ ಎಂದುಕೊಂಡೆ. ನಿಜವಾಗಿಯೂ ಸ್ವಲ್ಪ ಕುಡಿದಿರಬಹುದೇ, ಹೆದರಿಕೆಗೆ, ಎಂದೂ ಒಂದು ಕ್ಷಣ ಅನ್ನಿಸಿತು. ಹಿತ್ತಲಲ್ಲಿ ಹೆಂಗಸೊಬ್ಬಳು ಪಾಯಸದ ಕೊಳಗವನ್ನು ನಾರು ಹಾಕಿ ಉಜ್ಜುತ್ತಿದ್ದಳು. ಆ ಕೊಳಗ ತೊಳೆದು ಮಗುಚಿ ಇಡುವವರೆಗೂ ನಾನು ಸುಮ್ಮನಿದ್ದೆ. ಈಗಲೂ ಎಲ್ಲಾದರೂ ಪಾತ್ರೆ ಉಜ್ಜುವ ಸದ್ದು ಕೇಳಿದರೆ ನಾನು ಎದ್ದು ಆಚೆ ಹೋಗುತ್ತೇನೆ. ಅದು ಎಷ್ಟು ದೊಡ್ಡ ಕೊಳಗ!

ಸೋದರಮಾವ ನಿಂಬೆ ನೀರಿನ ಲೋಟ ಹಿಡಿದು ಬಗ್ಗಿದಾಗ ಅವನ ಕಣ್ಣು ತೆರೆದೇ ಇತ್ತು. ಆದರೆ ಅವನು ಯಾರನ್ನೂ ನೋಡುತ್ತಿರಲಿಲ್ಲ. ಒಂದು ಕೈ ತಾನಾಗಿಯೇ ಅದುರಿತು.

"ಅವ ಕುಡ್ದಿಲ್ರೀ!" ಎಂದು ನಾನು ಕಿರುಚಿದೆ. "ಹೊಟ್ಟಿ ಆಪರೇಶನ್ ಆಗೇದ ಅವಂಗ! ಶುಗರ್ ಇಳ್ದದ! ಬಾಯಾಗ ಏನೂ ಹಾಕಬ್ಯಾಡ್ರೀ!"

ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬಳು ಮಾತ್ರ ಓಡಿದಳು. ಹುಡುಗಿಯ ತಂದೆಗೆ ಹತ್ತು ವರ್ಷದಿಂದ ಶುಗರ್. ಅವರ ಬೆರಳು ಚುಚ್ಚುವ ಯಂತ್ರ ಯಾವ ಸಮಾರಂಭಕ್ಕೆ ಹೋದರೂ ಅವಳ ಬ್ಯಾಗಿನಲ್ಲಿರುತ್ತಿತ್ತು. ನಿಶ್ಚಿತಾರ್ಥದ ಸೀರೆಯಲ್ಲೇ ನೆಲದ ಮೇಲೆ ಕೂತು, ಅವನ ಉಂಗುರ ಹಾಕಿದ ಬೆರಳಿನ ಪಕ್ಕದ ಬೆರಳನ್ನು ಚುಚ್ಚಿದಳು. ಎಪ್ಪತ್ತರ ಮೇಲಿರಬೇಕಾದ ಶುಗರ್ ಮೂವತ್ತೆಂಟು.

"ಮಾವ, ಲೋಟ ಇಡಿ. ಎಚ್ಚರ ಇಲ್ಲ, ಉಸಿರಿಗೆ ಹೋಗುತ್ತೆ. ಎತ್ತಿ ಇವರನ್ನ!"

ಆ ಬೀದಿಗೆ ಆಂಬುಲೆನ್ಸ್ ಕರೆದು ಕಾಯುವಂತಿರಲಿಲ್ಲ. ಜಮಖಾನದ ನಾಲ್ಕು ಮೂಲೆ ನಾಲ್ಕು ಜನ ಹಿಡಿದೆವು. ಪಾತ್ರೆ ತುಂಬಲು ಬಂದಿದ್ದ ಲಗೇಜ್ ಆಟೋದಲ್ಲಿ ಕೊಳಗಗಳ ನಡುವೆ ಅವನನ್ನು ಮಲಗಿಸಿದೆವು. ಎರಡು ತಿರುವಿನಾಚೆ ಒಂದು ನರ್ಸಿಂಗ್ ಹೋಮ್. ಉದ್ದಕ್ಕೂ ಸೋದರಮಾವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಳಿಯಂದ್ರೇ, ಅಳಿಯಂದ್ರೇ," ಎನ್ನುತ್ತಿದ್ದರು. ಪಾಯಸ ಬಡಿಸಿದ ಕೈ ಅದು.

ನರಕ್ಕೆ ಗ್ಲುಕೋಸ್ ಹೋದ ಸ್ವಲ್ಪ ಹೊತ್ತಿಗೆ ಅವನು ಕಣ್ಣು ಮಿಟುಕಿಸಿದ. ಸುತ್ತ ನೋಡಿದ. ಯಾರ್ಯಾರೋ, ರೇಷ್ಮೆ ಸೀರೆ, ಪಂಚೆ, ಅತ್ತ ಮುಖಗಳು. ಸಮಾರಂಭದ ಗೊಂದಲ ಅವನಿಗೆ ಹೊಸತಲ್ಲ. ಮೆಲ್ಲಗೆ ಕೇಳಿದ: "ಎಲ್ಲರದ್ದೂ ಊಟ ಆಯ್ತಾ?"

ಜಯಮ್ಮ ಗೋಡೆಗೊರಗಿ ಕೂತೇಬಿಟ್ಟರು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಷ್ಟರಲ್ಲಿ ಹುಡುಗಿಯ ತಂದೆ ವಿಚಾರಣೆ ಶುರುಮಾಡಿದ್ದರು.

"ಆಪರೇಷನ್ ಯಾವಾಗ ಆಗಿದ್ದು?"

"ಐದು ವರ್ಷ ಆಯ್ತಣ್ಣ," ಎಂದರು ಜಯಮ್ಮ. "ನನ್ನದೇ ತಪ್ಪು. ಹೇಳ್ಬೇಡ ಅಂದಿದ್ದು ನಾನೇ. ಆಗ ಇವನು ತುಂಬಾ ದಪ್ಪ..."

"ನಿಮ್ಮ ದೊಡ್ಡ ಮಗನ ಥರಾನಾ?"

ಗ್ಲುಕೋಸಿನ ಹನಿ ಬೀಳುವುದನ್ನೇ ಎಲ್ಲರೂ ನೋಡುತ್ತಿದ್ದೆವು. ಕೊನೆಗೆ ಮಂಚದ ಮೇಲಿಂದ ಅವನೇ ಹೇಳಿದ: "ಅವನೂ ನಾನೇ ಸಾರ್."

"ಅಂದ್ರೆ?"

"ಅಣ್ಣ ಅಂತ ಯಾರೂ ಇಲ್ಲ ಸಾರ್. ಫೋಟೋದಲ್ಲಿರೋನು ನಾನೇ."

"ಹಾಗಾದ್ರೆ ನಾನು ಒಂದು ನಿಮಿಷ ಮೌನ ನಿಂತಿದ್ದು?" ಎಂದರು ಸೋದರಮಾವ.

"ನನಗೇ."

ಮೊದಲು ನಕ್ಕವಳು ಆ ಹುಡುಗಿ. ಬೆರಳು ಚುಚ್ಚುವ ಯಂತ್ರ ಇನ್ನೂ ಕೈಯಲ್ಲೇ ಇತ್ತು. ಕಾಡಿಗೆ ಕೆನ್ನೆಗೆಲ್ಲ ಇಳಿದಿತ್ತು. "ಅಯ್ಯೋ, ಕಣ್ಮುಚ್ಚಿ ಬೇಡ್ಕೊಂಡಿದ್ನಲ್ರೀ ನಿಮ್ಮ ಹತ್ರಾನೇ! ನಿಮ್ಮ ತಮ್ಮನ್ನ ಚೆನ್ನಾಗಿ ನೋಡ್ಕೊಳ್ಳೋ ಶಕ್ತಿ ಕೊಡಿ ಅಂತ!" ಎಂದು ನಕ್ಕಳು, ಅಳತೊಡಗಿದಳು, ಮತ್ತೆ ನಕ್ಕಳು. ನರ್ಸ್ ಬಂದು ನಮ್ಮೆಲ್ಲರನ್ನೂ ಹೊರಗಟ್ಟಿದಳು.

ಅಲ್ಲಿಗೆ ಸುಖಾಂತ ಆಗಲಿಲ್ಲ. ಒಂದು ತಿಂಗಳು ಹಲಸೂರಿನಿಂದ ಮಾತೇ ಇರಲಿಲ್ಲ. ಸುಳ್ಳು ಹೇಳಿದವರ ಮನೆಗೆ ಮಗಳನ್ನು ಕೊಡುವುದು ಹೇಗೆ ಎಂದು ತಂದೆ, ಹುಡುಗನ ಆಯುಸ್ಸು ಎಷ್ಟೋ ಎಂದು ಅತ್ತೆಯಂದಿರು. ಅವನು ಕೆಲಸಕ್ಕೆ ಹೋಗಿ ಬಂದು ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದ. "ಸಿಂಗಲ್" ಎಂದು ಕೂಗುತ್ತಿರಲಿಲ್ಲ, ಆ ಮಾತಿಗೆ ಆಗ ಬೇರೆಯೇ ಅರ್ಥ ಬಂದುಬಿಟ್ಟಿತ್ತು. ಆ ದಿನಗಳಲ್ಲೊಂದು ಸಂಜೆ ಸ್ಟೂಲ್ ಹತ್ತಿ ಫೋಟೋದ ಹಾರ ತೆಗೆದ. ನಾನು ಕೆಳಗೆ ಸ್ಟೂಲ್ ಹಿಡಿದಿದ್ದೆ.

"ಇವನು ಹೋದ ಅಂತ ಹಾರ ಹಾಕಿ ಮರೆತೆ ಮಗಾ. ಎಲ್ಲೂ ಹೋಗಿಲ್ಲ ಇವನು. ಇಲ್ಲೇ ಇದಾನೆ. ಇವನನ್ನ ಮಾತಾಡಿಸ್ಕೊಂಡೇ ಬದುಕ್ಬೇಕು ನಾನು."

ಆಮೇಲೆ ಒಂದು ದಿನ ಹುಡುಗಿಯೇ ಫೋನ್ ಮಾಡಿ, ನಿಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಎಂದಳು. ವಾಪಸ್ ಬಂದವನ ಮುಖದಲ್ಲಿ ಹಳೆಯ ಬೆಳಕಿತ್ತು. "ನನ್ನನ್ನಲ್ಲ ಮಗಾ, ಡಾಕ್ಟರನ್ನೇ ಪರೀಕ್ಷೆ ಮಾಡಿದ್ಳು! ಮೂಳೆ ಸವೆಯುತ್ತಾ, ಮಕ್ಕಳಿಗೆ ತೊಂದರೆ ಇದ್ಯಾ, ಮತ್ತೆ ದಪ್ಪ ಆಗ್ತಾರಾ, ಇವರು ಬೇಜಾರು ಮಾಡ್ಕೊಂಡು ಕುಡಿಯೋಕೆ ಶುರು ಮಾಡಿದ್ರೆ ಏನಾಗುತ್ತೆ... ಹೊಟ್ಟೆನೋವು ಜೋರಾಗಿ ಬಂದ್ರೆ ಗ್ಯಾಸು ಅಂತ ಸೋಡಾ ಕುಡಿದು ಕೂರ್ಬಾರ್ದಂತೆ, ಒಳಗೆ ಕರುಳು ಸಿಕ್ಕಾಕೊಂಡಿರ್ಬಹುದಂತೆ, ಓಡ್ಬೇಕಂತೆ. ಐದು ವರ್ಷದಲ್ಲಿ ನಾನು ಕೇಳದೇ ಇದ್ದಿದ್ದನ್ನ ಅರ್ಧ ಗಂಟೇಲಿ ಕೇಳಿದ್ಳು. ಹೊರಗೆ ಬಂದು ನನಗೆ ಕೇಳಿದ್ದು ಒಂದೇ ಪ್ರಶ್ನೆ."

"ಏನಂತ?"

"ನಿಮಗೆ ಇನ್ನೂ ಯಾರಾದ್ರೂ ಅಣ್ಣತಮ್ಮಂದಿರು ಇದಾರಾ ಅಂತ."

ತಂದೆಯನ್ನೂ ಅವಳೇ ಒಪ್ಪಿಸಿದಳು. ಮದುವೆಗೆ ಹೋದವರಿಗೆ ಛತ್ರದ ಬಾಗಿಲಿನ ಆ ಕಮಾನು ಮರೆಯಲು ಸಾಧ್ಯವಿಲ್ಲ. ಸಾಮಾನ್ಯವಾಗಿ ಮದುಮಕ್ಕಳ ಹೆಸರು ಬೆಳಗುವ ಜಾಗದಲ್ಲಿ ಅವನೇ ಕೂತು ಸೀರಿಯಲ್ ಬಲ್ಬುಗಳಲ್ಲಿ ಬರೆದಿದ್ದ: "ವರನಿಗೆ ಸಿಹಿ ತಿನ್ನಿಸಬೇಡಿ. ನೀವು ತಿನ್ನಿ. ಹೇಗಿದೆ ಹೇಳಿ." ಬಂದವರೆಲ್ಲ ಸಾಲಾಗಿ ವೇದಿಕೆ ಹತ್ತಿ, ಅಕ್ಷತೆ ಹಾಕಿ, ಊಟದ ವರದಿ ಒಪ್ಪಿಸಿದರು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಸೋದರಮಾವ ವೇದಿಕೆಯ ಮೆಟ್ಟಿಲಿಗೆ ಕಾವಲು ನಿಂತು, ಕೈಯಲ್ಲಿ ಲಾಡು ಹಿಡಿದು ಬಂದ ಒಬ್ಬ ಅಜ್ಜಿಯನ್ನು ತಡೆದು ಆ ಲಾಡು ತಾವೇ ತಿಂದರು.

ನಾನು ಕೆ.ಆರ್. ಪುರಕ್ಕೆ ಮನೆ ಬದಲಿಸಿ ಈಗ ಮೂರು ವರ್ಷ. ಹೋದ ತಿಂಗಳು ಫೋನ್ ಬಂತು: "ಗುರು, ಬಿಲ್ಡಿಂಗ್ ಕೆಡವ್ತಿದೀವಿ, ಹೊಸದು ಏಳುತ್ತೆ. ಅಂಗಡಿ ಊರಾಚೆ ಗೋಡೌನಿಗೆ. ಬಾ, ಕೊನೇ ಸಲ ಕೊಳಗ ಎತ್ತು." ಹೋದೆ. ಅವನ ಕಿವಿಯ ಹತ್ತಿರ ಕೂದಲು ನರೆತಿದೆ, ಕಾಲಿನ ಜೋಮು ಪೂರ್ತಿ ಹೋಗಿಲ್ಲ. ಮೂರು ವರ್ಷದ ಮಗಳು ಕುರ್ಚಿಗಳ ಮೇಲೆ ಕುಣಿಯುತ್ತ "ಸಿಂಗಲ್! ಸಿಂಗಲ್!" ಎಂದು ಕೂಗುತ್ತಿದ್ದಳು. ಪಾಯಸದ ಆ ಕೊಳಗವನ್ನು ನಾನೇ ಎತ್ತಿಟ್ಟೆ. ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ.

ಎಲ್ಲ ತುಂಬಿದ ಮೇಲೆ ಗೋಡೆಯಲ್ಲಿ ಫೋಟೋ ಒಂದೇ ಉಳಿಯಿತು. ಹಾರವಿಲ್ಲ, ಬಲ್ಬುಗಳು ಮಾತ್ರ ಇದ್ದವು. ನಾನು ಅದನ್ನು ಇಳಿಸಿ ಜಮಖಾನಗಳ ನಡುವೆ ತೂರಿಸಲು ಹೋದರೆ ಅವನ ಹೆಂಡತಿ ಕಿತ್ತುಕೊಂಡಳು.

"ಹಿಂದೆ ಹಾಕ್ತಾರೇನ್ರೀ ನಮ್ಮ ಭಾವನ್ನ? ದೊಡ್ಡೋರು, ಮುಂದೆ ಕೂರ್ತಾರೆ."

ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಕೂತು ಫೋಟೋವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಳು. ಅವನು ಸ್ಟೀರಿಂಗ್ ಹಿಡಿದು, ಮಗಳನ್ನು ನಡುವೆ ಕೂರಿಸಿ, ನನಗೆ ಕೈ ಬೀಸಿ ಗಾಡಿ ಶುರುಮಾಡಿದ. ಗಾಡಿ ಕದಲುವಷ್ಟರಲ್ಲಿ ಅವಳು ಫೋಟೋವನ್ನು ಅವನ ಕಡೆ ತಿರುಗಿಸಿದಳು.

"ರೀ, ಬೆಳಗಿನ ಮಾತ್ರೆ ತಗೊಂಡ್ರಾ? ಭಾವ ಕೇಳ್ತಿದಾರೆ."

ಅವನು ಗಾಡಿ ನಿಲ್ಲಿಸಿ, ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು, ಫೋಟೋದ ಮುಖ ನೋಡಿಕೊಂಡೇ ನುಂಗಿದ. ಆಮೇಲೆ ರೈಲ್ವೆ ಗೇಟಿನ ಕಡೆ ಹೊರಟ.